ಎಣಿಕೆಯ ನುಡಿಯೂ ಮಗುವಿನ ತಪ್ಪೂ: ವಡೋದರದ ಒಂದು ಗಣಿತ ಸಂಶೋಧನೆಯ ವಿಮರ್ಶೆ

೧

ಶಾಸನಗಳನ್ನು ಓದಿ ರೂಢಿಯಿರುವವರಿಗೆ ಭೂತಸಂಖ್ಯೆಯ ಪದ್ಧತಿ ಅಪರಿಚಿತವಲ್ಲ. ವೇದವೆಂದರೆ ನಾಲ್ಕು, ಬಾಣವೆಂದರೆ ಐದು. ಆದರೆ ‘ವೇದಬಾಣ’ ಎಂದಿರುವೆಡೆ ನಲವತ್ತೈದೆಂದು ಎಣಿಸಿದರೆ ಕಾಲನಿರ್ಣಯವೇ ಕೆಡುತ್ತದೆ. ಅಲ್ಲಿ ಹೇಳಿರುವುದು ಐವತ್ತನಾಲ್ಕು. ಅಂಕಗಳ ನಡೆ ಎಡಕ್ಕೆ ಎಂಬುದು ಶಾಸ್ತ್ರಕಾರರ ಸಂಕೇತ. ಬಿಡಿಸ್ಥಾನದ ಅಂಕವನ್ನು ಮೊದಲು ಹೇಳಿ, ಹತ್ತರ ಸ್ಥಾನದ್ದನ್ನು ಆಮೇಲೆ ಹೇಳುವುದು ಅವರ ವಾಡಿಕೆ. ಹೊಸದಾಗಿ ಶಾಸನಾಭ್ಯಾಸಕ್ಕೆ ತೊಡಗಿದವನು ಇಲ್ಲಿ ಒಂದೆರಡು ಸಲ ಎಡವುವುದುಂಟು. ಅವನನ್ನು ಯಾರೂ ಮಂದಮತಿಯೆಂದು ಕರೆಯುವುದಿಲ್ಲ. ಓದುವ ಕ್ರಮವೇ ಬೇರೆಯೆಂದು ತಿಳಿಸಿ ತಿದ್ದುತ್ತಾರೆ, ಅವನೂ ತಿದ್ದಿಕೊಳ್ಳುತ್ತಾನೆ.

ಇದೇ ತಪ್ಪನ್ನು ಏಳು ವರ್ಷದ ಮಗುವೊಂದು ಮಾಡಿದಾಗ ನಮ್ಮ ನಡವಳಿಕೆ ಬೇರೆಯಾಗಿರುತ್ತದೆ. ಗುಜರಾತಿನ ಶಾಲೆಯಲ್ಲಿ ಗುರುಗಳು ‘ಬೇತಾಳೀಸ್’ ಎಂದಾಗ ಮೊದಲು ಕಿವಿಗೆ ಬಿದ್ದ ಎರಡನ್ನು ಮೊದಲು ಬರೆದು, ಆಮೇಲೆ ಬಿದ್ದ ನಾಲ್ಕನ್ನು ಅದರ ಬಲಕ್ಕೆ ಬರೆದು, ೪೨ರ ಬದಲು ೨೪ ಎಂದು ಒಪ್ಪಿಸಿದ ಮಗುವಿನ ಹಾಳೆಯ ಮೇಲೆ ಕೆಂಪು ಗೀಟು ಬೀಳುತ್ತದೆ. ಅಂಥ ಗೀಟುಗಳು ಹತ್ತಾರು ಕೂಡಿದ ಮೇಲೆ ‘ಇವನಿಗೆ ಲೆಕ್ಕ ಬಾರದು’ ಎಂಬ ತೀರ್ಮಾನವಾಗುತ್ತದೆ. ಆ ತೀರ್ಮಾನ ಮನೆಗೂ ಬಂದು ಸೇರುತ್ತದೆ. ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಅದರ ಬೆನ್ನಿಗೇ ಮತ್ತೊಂದು ಸಲಹೆಯೂ ಕೇಳಿಬರುತ್ತದೆ: ಮಗುವಿಗೆ ಭಾಷೆಗಳ ಭಾರ ಹೆಚ್ಚಾಗಿದೆ, ಮನೆಯಲ್ಲಿ ಕನ್ನಡವನ್ನು ಬಿಟ್ಟುಬಿಡಿ.

ಈ ತೀರ್ಮಾನವೂ ಈ ಸಲಹೆಯೂ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕೆ ಆಧಾರವಾಗಿ ನಮ್ಮ ಕಣ್ಣೆದುರಿನ ವಡೋದರ ನಗರದಲ್ಲಿಯೇ ನಡೆದು, ಲೋಕದ ವಿದ್ವತ್ಸಮಾಜದಲ್ಲಿ ಹೆಸರಾದ ಒಂದು ಸಂಶೋಧನೆಯನ್ನು ಇಲ್ಲಿ ತೆಗೆದುಕೊಂಡಿದೆ. ಅದರ ಗುಣವನ್ನು ಮೊದಲು ಹೇಳಿ, ಕೊರತೆಯನ್ನು ಆಮೇಲೆ ಹೇಳುವುದು ನ್ಯಾಯವಾದ ಕ್ರಮ.

೨

ವಡೋದರಕ್ಕೂ ಪ್ರಾಥಮಿಕ ಶಿಕ್ಷಣದ ಪ್ರಯೋಗಗಳಿಗೂ ಹಳೆಯ ನಂಟು. ಮೂರನೆಯ ಸಯಾಜಿರಾವ್ ಗಾಯಕವಾಡರು ೧೮೯೩ರಲ್ಲಿ ಅಮರೇಲಿ ಪ್ರಾಂತದಲ್ಲಿ ಕಡ್ಡಾಯ ಶಿಕ್ಷಣವನ್ನು ಪರೀಕ್ಷಾರ್ಥವಾಗಿ ಆರಂಭಿಸಿ, ೧೯೦೬ರಲ್ಲಿ ಅದನ್ನು ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ಅವರ ಹೆಸರಿನ ವಿಶ್ವವಿದ್ಯಾನಿಲಯದಲ್ಲಿರುವ ಶಿಕ್ಷಣಶಾಸ್ತ್ರದ ಉನ್ನತ ಅಧ್ಯಯನ ಕೇಂದ್ರವು ೧೯೭೪ರಲ್ಲಿ ಎಂ. ಬಿ. ಬುಚ್ ಅವರ ಸಂಪಾದಕತ್ವದಲ್ಲಿ ಭಾರತದ ಶಿಕ್ಷಣ ಸಂಶೋಧನೆಗಳ ಮೊದಲನೆಯ ಸಮೀಕ್ಷೆಯನ್ನು ಹೊರತಂದಿತು. ಇಂಥ ಊರಿನ ನಗರಪಾಲಿಕೆಯ ಶಾಲೆಗಳಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ನಡೆಸಿದವರು ಅಮೆರಿಕದ ವಿಶ್ವವಿದ್ಯಾನಿಲಯಗಳ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ಡುಫ್ಲೊ, ಲೀ ಲಿಂಡನ್ ಎಂಬ ನಾಲ್ವರು. ಕಾರ್ಯಕ್ಷೇತ್ರದಲ್ಲಿ ಅವರಿಗೆ ಜೊತೆಯಾದದ್ದು ‘ಪ್ರಥಮ್’ ಸಂಸ್ಥೆ. ಮುಂಬಯಿಯಲ್ಲಿಯೂ ಇದರ ಒಂದು ಭಾಗ ನಡೆಯಿತು. ಫಲಿತಾಂಶವು ೨೦೦೭ರಲ್ಲಿ ಪ್ರಕಟವಾಯಿತು. ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ ಮೈಕೇಲ್ ಕ್ರೇಮರ್ ಅವರೊಡನೆ ೨೦೧೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಅದಕ್ಕೆ ತಳಹದಿಯಾದ ಕೆಲಸಗಳಲ್ಲಿ ವಡೋದರದ್ದೂ ಒಂದೆಂದು ಎಣಿಸುವುದುಂಟು.

ಪರೀಕ್ಷೆಗೆ ಮೊದಲು ಕಂಡ ಸ್ಥಿತಿ ಶೋಚನೀಯವಾಗಿತ್ತು. ವಡೋದರದ ಮೂರನೆಯ ಇಯತ್ತೆಯ ಮಕ್ಕಳಲ್ಲಿ ಒಂದನೆಯ ಇಯತ್ತೆಯ ಗಣಿತವನ್ನು, ಎಂದರೆ ಅಂಕಗಳನ್ನು ಗುರುತಿಸುವುದು, ಎಣಿಸುವುದು, ಒಂದಂಕಿಯ ಸಂಖ್ಯೆಗಳನ್ನು ಕೂಡುವುದು, ಕಳೆಯುವುದು ಇಷ್ಟನ್ನು ಸರಿಯಾಗಿ ಮಾಡಬಲ್ಲವರು ನೂರರಲ್ಲಿ ಸುಮಾರು ಇಪ್ಪತ್ತು ಮಂದಿ ಮಾತ್ರ. ಮಿಕ್ಕ ಎಂಬತ್ತು ಮಂದಿಯ ಕಿವಿಯ ಮೇಲೆ ಮೂರನೆಯ ಇಯತ್ತೆಯ ಪಾಠ ಹರಿದುಹೋಗುತ್ತಿತ್ತು.

ಪರಿಹಾರವಾಗಿ ಎರಡು ಕ್ರಮಗಳನ್ನು ಪರೀಕ್ಷಿಸಲಾಯಿತು. ಒಂದನೆಯದು ‘ಬಾಲಸಖಿ’. ಅದೇ ನೆರೆಕೆರೆಯಲ್ಲಿ ಬೆಳೆದು ಪ್ರೌಢಶಾಲೆಯನ್ನು ಮುಗಿಸಿದ ಯುವತಿಯೊಬ್ಬಳು ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ತರಗತಿಯಿಂದ ಹೊರಗೆ ಕರೆದೊಯ್ದು, ಅವರು ಎಲ್ಲಿ ನಿಂತಿದ್ದಾರೋ ಅಲ್ಲಿಂದಲೇ ಕಲಿಸುವಳು. ಎರಡನೆಯದು ಗಣಕಯಂತ್ರ. ಸರಕಾರವು ಶಾಲೆಗೆ ನಾಲ್ಕರಂತೆ ಕೊಟ್ಟಿದ್ದು ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರಗಳ ಮುಂದೆ ನಾಲ್ಕನೆಯ ಇಯತ್ತೆಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡುವರು. ಮಗುವಿನ ಉತ್ತರಕ್ಕೆ ತಕ್ಕಂತೆ ಆಟದ ಮಟ್ಟ ಏರುವುದು, ಇಳಿಯುವುದು. ಯಾವ ಶಾಲೆಗೆ ಯಾವ ಸಹಾಯವೆಂಬುದನ್ನು ಯಾರ ಇಚ್ಛೆಗೂ ಬಿಡದೆ ಚೀಟಿ ಎತ್ತಿದಂತೆ ಗೊತ್ತುಮಾಡಿದರು. ಆದಕಾರಣ ಸಹಾಯ ಪಡೆದ ಶಾಲೆಗೂ ಪಡೆಯದ ಶಾಲೆಗೂ ಕಂಡ ಅಂತರವು ಸಹಾಯದ ಫಲವೇ ಎಂದು ಹೇಳಲು ಅವಕಾಶವಾಯಿತು. ಪರೀಕ್ಷೆಯ ಈ ಪ್ರಾಮಾಣಿಕತೆಯೇ ಅದರ ಮೊದಲನೆಯ ಗುಣ.

ಬಾಲಸಖಿಯಿಂದ ಅಂಕಗಳು ಮೊದಲ ವರ್ಷ ೦.೧೪, ಎರಡನೆಯ ವರ್ಷ ೦.೨೮ ಮಾನಕ ವಿಚಲನೆಯಷ್ಟು ಮೇಲಕ್ಕೆ ಬಂದವು. ಲಾಭದ ಬಹುಪಾಲು ತೀರ ಕೆಳಗಿದ್ದ ಮಕ್ಕಳಿಗೆ ಸಂದಿತು. ಗಣಕಯಂತ್ರದಿಂದ ಗಣಿತದ ಅಂಕಗಳು ಮೊದಲ ವರ್ಷ ೦.೩೫, ಎರಡನೆಯ ವರ್ಷ ೦.೪೭ರಷ್ಟು ಏರಿದವು. ಈ ಅಳತೆಯ ಪರಿಚಯವಿಲ್ಲದವರಿಗೆ ಹೀಗೆ ಹೇಳಬಹುದು: ನೂರು ಮಕ್ಕಳನ್ನು ಅಂಕಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ನಡುವಿನಲ್ಲಿದ್ದ ಮಗು ೦.೪೭ರ ಲಾಭದಿಂದ ಸುಮಾರು ಹದಿನೆಂಟು ಮಕ್ಕಳನ್ನು ದಾಟಿ ಮುಂದೆ ಹೋಗಿ ನಿಲ್ಲುತ್ತದೆ. ಬಡಾವಣೆಯ ಹುಡುಗಿಯೊಬ್ಬಳ ಅಲ್ಪ ಸಂಬಳದಿಂದ, ಇಲ್ಲವೆ ಧೂಳು ಹಿಡಿದಿದ್ದ ಯಂತ್ರದಿಂದ ಇಷ್ಟಾಯಿತೆಂಬುದು ಸಣ್ಣ ಮಾತಲ್ಲ. ಮಗುವಿನಲ್ಲಿ ದೋಷವಿದೆಯೆಂದು ನಾವು ತಿಳಿದಿದ್ದ ಎಷ್ಟೋ ಕಡೆ ದೋಷವಿದ್ದದ್ದು ಪಾಠ ಮಗುವನ್ನು ಮುಟ್ಟದೆ ಇದ್ದದ್ದರಲ್ಲಿ. ಇದನ್ನು ಊಹೆಯ ಮಟ್ಟದಿಂದ ಪ್ರಮಾಣದ ಮಟ್ಟಕ್ಕೆ ತಂದದ್ದು ಈ ಸಂಶೋಧನೆಯ ಎರಡನೆಯ ಗುಣ.

ಮೂರನೆಯ ಗುಣವೂ ಒಂದುಂಟು. ಸಹಾಯ ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿದಾಗ ಸಹಾಯ ಪಡೆದ ಮಕ್ಕಳಲ್ಲಿ ಉಳಿದಿದ್ದ ಲಾಭ ಸುಮಾರು ೦.೧೦ ಮಾತ್ರವೆಂಬುದನ್ನು ಅವರು ಮರೆಮಾಡದೆ ಬರೆದಿದ್ದಾರೆ.

೩

ನಮ್ಮ ವಿಮರ್ಶೆ ಆರಂಭವಾಗಬೇಕಾದದ್ದು ಈ ಕೊನೆಯ ಅಂಕದಿಂದ. ಬಂದ ಲಾಭದಲ್ಲಿ ಹೆಚ್ಚಿನ ಪಾಲು ಒಂದೇ ವರ್ಷದಲ್ಲಿ ಏಕೆ ಕರಗಿತು? ಸಹಾಯ ನಿಂತದ್ದರಿಂದ, ಮಕ್ಕಳು ಮತ್ತೆ ಮಟ್ಟಕ್ಕೆ ಮೀರಿದ ಪಾಠದ ಮುಂದೆ ಕುಳಿತದ್ದರಿಂದ ಎಂದು ಹೇಳಬಹುದು, ಅದು ಸುಳ್ಳಲ್ಲ. ಆದರೆ ಕರಗಿದ್ದು ಯಾವುದು, ಉಳಿದದ್ದು ಯಾವುದು ಎಂಬ ಪ್ರಶ್ನೆಗೆ ಒಟ್ಟು ಅಂಕಗಳ ಸರಾಸರಿಯಿಂದ ಉತ್ತರ ದೊರೆಯಲಾರದು. ಮಕ್ಕಳನ್ನು ಆರಂಭದ ಅಂಕಗಳಿಗೆ ಅನುಸಾರವಾಗಿ ಮೇಲು, ನಡು, ಕೆಳಗು ಎಂದು ಮೂರು ಪಾಲು ಮಾಡಿ ನೋಡಿದ್ದರೂ, ಅಲ್ಲಿ ಗೊತ್ತಾಗುವುದು ಯಾರು ಎಷ್ಟು ಏರಿದರೆಂಬುದು. ಯಾರು ಏಕೆ ತಪ್ಪಿದರೆಂಬುದಲ್ಲ.

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲ ವಾಚಕರಿಗೆ ಇದನ್ನು ಬೇರೆ ರೀತಿಯಲ್ಲಿ ಅರಿಕೆ ಮಾಡಬಹುದು. ಒಂದು ತಾಳೆಯೋಲೆಯ ಪ್ರತಿಯಲ್ಲಿ ಇನ್ನೂರು ತಪ್ಪುಗಳಿವೆ, ಇನ್ನೊಂದರಲ್ಲಿ ನೂರಿಪ್ಪತ್ತು ಇವೆಯೆಂದು ಎಣಿಸಿ ಸಂಪಾದಕನು ಸುಮ್ಮನಾಗುವುದಿಲ್ಲ. ಲಿಪಿಕಾರನು ಎಲ್ಲಿ ಕಣ್ತಪ್ಪಿನಿಂದ ಒಂದು ಸಾಲನ್ನು ಹಾರಿಸಿದ, ಎಲ್ಲಿ ಹಳೆಯ ಅಕ್ಷರವನ್ನು ಗುರುತಿಸಲಾರದೆ ಬೇರೊಂದನ್ನು ಬರೆದ, ಎಲ್ಲಿ ತನ್ನ ಕಾಲದ ಆಡುಮಾತನ್ನು ತಿಳಿಯದೆಯೇ ತುರುಕಿದ ಎಂಬುದನ್ನು ಬಿಡಿಸಿ ನೋಡುತ್ತಾನೆ. ತಪ್ಪಿಗೂ ಒಂದು ಕ್ರಮವುಂಟು, ಕಾರಣವುಂಟು. ಆ ಕಾರಣ ಗೊತ್ತಾದಾಗಲೇ ಮೂಲಪಾಠದ ದಾರಿ ತೆರೆಯುತ್ತದೆ. ಮಗುವಿನ ತಪ್ಪುತ್ತರವೂ ಒಂದು ಪಾಠಾಂತರವೇ. ಅದನ್ನು ಎಣಿಸಿದರೆ ಸಾಲದು, ಓದಬೇಕು.

ಒಂದು ಉದಾಹರಣೆ: ೪೨ರಲ್ಲಿ ೧೮ನ್ನು ಕಳೆಯಬೇಕು. ಒಂದು ಮಗು ೩೬ ಎಂದು ಬರೆಯುತ್ತದೆ. ಎರಡರಲ್ಲಿ ಎಂಟು ಹೋಗದೆಂದು ಕಂಡು, ಎಂಟರಲ್ಲಿ ಎರಡನ್ನು ಕಳೆದು ಆರು. ನಾಲ್ಕರಲ್ಲಿ ಒಂದು ಹೋಗಿ ಮೂರು. ಹತ್ತರ ಮನೆಯಿಂದ ಸಾಲ ತರುವ ವಿಧಾನ ಆ ಮಗುವಿಗೆ ತಿಳಿದಿಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂಬ ಹಳೆಯ ಪಾಠವನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಮತ್ತೊಂದು ಮಗು ೬ ಎಂದು ಬರೆಯುತ್ತದೆ. ಅದು ಬಾಯಿಯಿಂದ ಹೇಳಿದ ಲೆಕ್ಕವನ್ನು ೨೪ ಎಂದು ಬರೆದುಕೊಂಡು, ಅದರಲ್ಲಿ ಹದಿನೆಂಟನ್ನು ಸರಿಯಾಗಿಯೇ ಕಳೆದಿದೆ. ಕಳೆಯುವ ವಿದ್ಯೆ ಅದಕ್ಕೆ ಪೂರ್ತಿಯಾಗಿ ಬರುತ್ತದೆ. ತಪ್ಪಿದ್ದು ಕಿವಿಗೂ ಕೈಗೂ ನಡುವೆ. ಮೂರನೆಯ ಮಗು ಬೆರಳುಗಳನ್ನು ಮಡಿಸುತ್ತ ಬಹಳ ಹೊತ್ತು ಕಳೆದು ಕೊನೆಗೆ ಏನನ್ನೂ ಬರೆಯುವುದಿಲ್ಲ. ಮೂರು ಕಾಳುಗಳ ಗುಂಪು ದೊಡ್ಡದೋ ನಾಲ್ಕು ಕಾಳುಗಳದ್ದೋ ಎಂಬುದನ್ನು ಸಹ ಅದು ಒಂದೊಂದಾಗಿ ಎಣಿಸಿಯೇ ಹೇಳಬೇಕು. ಅಂಕಪಟ್ಟಿಯಲ್ಲಿ ಈ ಮೂವರದೂ ಒಂದೇ ಸೊನ್ನೆ. ಆದರೆ ಮೂವರಿಗೆ ಬೇಕಾದ ಸಹಾಯ ಮೂರು ಬಗೆಯದು. ಕಳೆಯುವ ಲೆಕ್ಕದಲ್ಲಿ ಮಕ್ಕಳ ತಪ್ಪುಗಳು ಹೇಗೆ ನಿಯಮಬದ್ಧವಾಗಿರುತ್ತವೆಂಬುದನ್ನು ಅಮೆರಿಕದಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬವರು ೧೯೭೮ರಷ್ಟು ಹಿಂದೆಯೇ ವಿವರವಾಗಿ ತೋರಿಸಿದ್ದರು. ಆ ವಿದ್ಯೆ ವಡೋದರದ ಅಂಕಪಟ್ಟಿಗೆ ಬಂದು ಸೇರಲಿಲ್ಲ.

ಅರ್ಥಶಾಸ್ತ್ರಜ್ಞರು ಕೈಗೊಂಡ ಪ್ರಶ್ನೆ ಬೇರೆ: ಇಷ್ಟು ಹಣಕ್ಕೆ ಎಷ್ಟು ಕಲಿಕೆ ಎಂಬುದು. ಕೇಳದ ಪ್ರಶ್ನೆಗೆ ಉತ್ತರವಿಲ್ಲವೆಂದು ಅವರನ್ನು ದೂರುವುದು ಸಲ್ಲದು. ಆದರೆ ಅವರ ಉತ್ತರವನ್ನೇ ಎಲ್ಲಕ್ಕೂ ಉತ್ತರವೆಂದು ಎತ್ತಿಹಿಡಿಯುವವರನ್ನು ತಡೆದು ನಿಲ್ಲಿಸುವುದು ವಿಮರ್ಶೆಯ ಕರ್ತವ್ಯ. ಡುಫ್ಲೊ ಅವರೇ ಎಲಿಜಬೆತ್ ಸ್ಪೆಲ್ಕಿ ಎಂಬ ಮನಶ್ಶಾಸ್ತ್ರಜ್ಞೆ ಮೊದಲಾದವರೊಡನೆ ಕೂಡಿ ದೆಹಲಿಯ ಶಿಶುವಿಹಾರಗಳಲ್ಲಿ ನಡೆಸಿದ ಪರೀಕ್ಷೆಯ ಫಲ ೨೦೧೭ರಲ್ಲಿ ಪ್ರಕಟವಾಯಿತು. ಚುಕ್ಕೆಗಳ ಗುಂಪುಗಳನ್ನು ಹೋಲಿಸುವ ಆಟಗಳಿಂದ ಮಕ್ಕಳ ಸಹಜವಾದ ಪ್ರಮಾಣಬುದ್ಧಿ ಚುರುಕಾಯಿತು, ಅದು ಬಹುಕಾಲ ಉಳಿಯಿತು; ಆದರೆ ಶಾಲೆಯ ಗಣಿತಕ್ಕೆ ಅದು ಮುಂದೆ ಆಧಾರವಾಗಿ ಒದಗಲಿಲ್ಲ. ಪ್ರಮಾಣಬುದ್ಧಿಗೂ ಬರೆದ ಅಂಕಕ್ಕೂ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯ ಹಲಗೆಗಳು ಎಣಿಕೆಯ ಮಾತುಗಳು. ಆದುದರಿಂದ ನಾವು ಈಗ ಆ ಮಾತುಗಳನ್ನೇ ನೋಡಬೇಕಾಗಿದೆ.

೪

ಕನ್ನಡದಲ್ಲಿ ಇಪ್ಪತ್ತರಿಂದ ಮುಂದಕ್ಕೆ ಎಣಿಕೆ ಬಹಳ ಸರಳ. ಮೊದಲು ಹತ್ತುಗಳು, ಆಮೇಲೆ ಬಿಡಿಗಳು: ಇಪ್ಪತ್ತು-ಒಂದು, ನಲವತ್ತು-ಎರಡು, ಎಂಬತ್ತು-ಏಳು. ಸಂಧಿಯೊಂದನ್ನು ಬಿಡಿಸಿದರೆ ಒಳಗಿರುವುದೆಲ್ಲ ಕಾಣುತ್ತದೆ. ಒಂದರಿಂದ ಒಂಬತ್ತರವರೆಗಿನ ಪದಗಳೂ ಹತ್ತುಗಳ ಹೆಸರುಗಳೂ ಬಂದ ಮಗು ತೊಂಬತ್ತೊಂಬತ್ತರವರೆಗೆ ತಾನೇ ಕಟ್ಟಿಕೊಂಡು ಹೋಗಬಲ್ಲುದು. ಹೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ. ತೊಡಕಿಲ್ಲವೆಂದಲ್ಲ, ‘ಹನ್ನೊಂದು’, ‘ಹದಿಮೂರು’, ‘ಹತ್ತೊಂಬತ್ತು’ಗಳಲ್ಲಿ ಹತ್ತು ಮೂರು ವೇಷ ಹಾಕುತ್ತದೆ. ‘ಒಂಬತ್ತು’ ಎಂಬುದರಲ್ಲಿ ಹತ್ತಕ್ಕೆ ಒಂದು ಕಡಿಮೆಯೆಂಬ ಹಳೆಯ ಭಾವ ಅಡಗಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ತೊಂಬತ್ತು’ ಎಂಬುದೂ ಎಂಟು ಹತ್ತು ‘ಎಂಬತ್ತು’ ಆದಂತೆ ಆದ ರೂಪವಲ್ಲ. ಆದರೂ ತೊಡಕುಗಳು ಬೆರಳೆಣಿಕೆಯಷ್ಟು.

ಗುಜರಾತಿಯ ಎಣಿಕೆ, ಹಿಂದಿ ಮರಾಠಿಗಳಂತೆ, ಸಂಸ್ಕೃತದಿಂದ ಪ್ರಾಕೃತದ ಮೂಲಕ ಸವೆದು ಬಂದದ್ದು. ಏಕವೀಸ್, ಬಾವೀಸ್, ತ್ರೇವೀಸ್, ಚೋವೀಸ್: ಬಿಡಿ ಮೊದಲು, ಹತ್ತು ಆಮೇಲೆ. ಹಾಗೆಂದು ಅಚ್ಚುಕಟ್ಟಾಗಿ ಬಿಡಿಸಲೂ ಬಾರದು. ಎರಡು ಎಂಬುದು ಇಪ್ಪತ್ತರೊಡನೆ ‘ಬಾ’, ನಲವತ್ತರೊಡನೆ ‘ಬೇ’. ಐವತ್ತು ತಾನು ಒಂಟಿಯಾಗಿದ್ದಾಗ ‘ಪಚಾಸ್’, ಐವತ್ತೆರಡರಲ್ಲಿ ‘ಬಾವನ್’. ಇನ್ನು ಒಂಬತ್ತು ಬಂದಾಗ ಮಾತು ಕಳೆಯುವ ಲೆಕ್ಕಕ್ಕೆ ತಿರುಗುತ್ತದೆ: ೨೯ ಎಂಬುದು ‘ಓಗಣತ್ರೀಸ್’, ಮೂವತ್ತಕ್ಕೆ ಒಂದು ಕಡಿಮೆ. ಹೀಗೆ ೭೯ರವರೆಗೆ ನಡೆದು, ೮೯ ಮತ್ತು ೯೯ರಲ್ಲಿ ಆ ಕ್ರಮವೂ ಕೈಬಿಡುತ್ತದೆ. ಆದಕಾರಣ ಒಂದರಿಂದ ನೂರರವರೆಗಿನ ಹೆಸರುಗಳನ್ನು ಬಹುಮಟ್ಟಿಗೆ ಬಿಡಿಬಿಡಿಯಾಗಿ ಕಂಠಸ್ಥ ಮಾಡಬೇಕು. ಗುಜರಾತಿ ಮಕ್ಕಳು ಮಾಡುತ್ತಾರೆ. ಲೋಕಪ್ರಸಿದ್ಧರಾದ ವ್ಯಾಪಾರಿಗಳೂ ಗಣಿತಜ್ಞರೂ ಆ ಭಾಷೆಯಲ್ಲಿ ಎಣಿಸಿಯೇ ಬೆಳೆದಿದ್ದಾರೆ. ಒಂದು ಭಾಷೆ ಮೇಲು, ಒಂದು ಕೀಳು ಎಂಬ ಮಾತು ಇಲ್ಲಿ ಹುಟ್ಟದು. ಆದರೆ ಯಾವ ಮೆಟ್ಟಿಲಿನಲ್ಲಿ ಕಾಲು ಜಾರುವ ಸಂಭವವಿದೆಯೆಂಬುದನ್ನು ಭಾಷೆಯ ರಚನೆಯೇ ಮೊದಲಿಗೆ ತಿಳಿಸುತ್ತದೆ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಯುರೋಪಿನಿಂದ ಸಾಕ್ಷ್ಯವಿದೆ. ಜರ್ಮನ್ ಭಾಷೆಯಲ್ಲಿಯೂ ಬಿಡಿಯನ್ನು ಮೊದಲು ಹೇಳುವುದು ವಾಡಿಕೆ. ಆಸ್ಟ್ರಿಯದ ಒಂದನೆಯ ತರಗತಿಯ ಮಕ್ಕಳು ಕೇಳಿದ ಸಂಖ್ಯೆಯನ್ನು ಬರೆಯುವಾಗ ಮಾಡಿದ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು ಈ ಹಿಂದುಮುಂದಿಗೆ ಸಂಬಂಧಿಸಿದವೆಂದು ೨೦೦೯ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಆಸ್ಟ್ರಿಯದ ಮಕ್ಕಳನ್ನು ಬೇರೆ ದೇಶದವರೊಡನೆ ಹೋಲಿಸಿದರೆ ಶಾಲೆ, ಮನೆ, ಗುರು ಎಲ್ಲವೂ ಬೇರೆಯಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಅದಕ್ಕೆ ಸಮಾಧಾನ ಚೆಕ್ ಭಾಷೆಯಲ್ಲಿ ದೊರೆತಿದೆ. ಆ ಭಾಷೆಯಲ್ಲಿ ‘ಇಪ್ಪತ್ತೈದು’ ಎಂದೂ ‘ಐದೂಇಪ್ಪತ್ತು’ ಎಂದೂ ಎರಡು ಬಗೆಯಾಗಿ ಹೇಳುವುದುಂಟು. ಅವೇ ಮಕ್ಕಳಿಗೆ ಅವೇ ಸಂಖ್ಯೆಗಳನ್ನು ಎರಡು ಬಗೆಯಲ್ಲಿಯೂ ಹೇಳಿ ಬರೆಯಿಸಿದಾಗ, ಬಿಡಿ ಮೊದಲಾಗಿ ಹೇಳಿದಲ್ಲಿ ಹಿಂದುಮುಂದಿನ ತಪ್ಪು ಹೆಚ್ಚಾಯಿತು. ಈ ಫಲ ೨೦೧೧ರಲ್ಲಿ ಹೊರಬಂದಿತು. ಮಗು ಅದೇ, ಬುದ್ಧಿ ಅದೇ, ಬದಲಾದದ್ದು ಮಾತು ಮಾತ್ರ.

ನಮ್ಮ ಮಕ್ಕಳ ಸ್ಥಿತಿ ಈ ಚೆಕ್ ಮಕ್ಕಳದ್ದಕ್ಕೆ ಸಮೀಪವಾದದ್ದು, ಇನ್ನೂ ಒಂದು ಕೈ ಮೇಲಾದದ್ದು. ಅಹಮದಾಬಾದಿನ ಕನ್ನಡ ಮನೆಯೊಂದರಲ್ಲಿ ಅಜ್ಜಿ ‘ನಲವತ್ತೆರಡು’ ಎಂದರೆ, ಶಾಲೆಯಲ್ಲಿ ‘ಬೇತಾಳೀಸ್’, ಇಂಗ್ಲಿಷ್ ಪಾಠದಲ್ಲಿ ‘ಫಾರ್ಟಿಟೂ’. ಕನ್ನಡವೂ ಇಂಗ್ಲಿಷೂ ಇಲ್ಲಿ ಒಂದೇ ದಿಕ್ಕಿಗೆ ನಡೆಯುತ್ತವೆ. ಗುಜರಾತಿ ಎದುರು ದಿಕ್ಕಿಗೆ. ಬರೆಹದಲ್ಲಿ ಇನ್ನೊಂದು ತೊಡಕು: ಗುಜರಾತಿ ಲಿಪಿಯ ಒಂದು ಎಂಬ ಅಂಕವು ಅಂತರರಾಷ್ಟ್ರೀಯ ಅಂಕಗಳ ಒಂಬತ್ತನ್ನು ಹೋಲುತ್ತದೆ. ಎರಡನ್ನೂ ಒಂದೇ ವರ್ಷದಲ್ಲಿ ಕಲಿಯುವ ಮಗುವಿನ ಕಷ್ಟವನ್ನು ಊಹಿಸಬಹುದು.

ಭಿನ್ನರಾಶಿಗಳಿಗೆ ಬಂದರೆ ಅಂತರ ಇನ್ನೂ ಸೊಗಸಾಗಿ ಕಾಣುತ್ತದೆ. ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷವಿದ್ದಾಗ ನಾವು ‘ನಾಲ್ಕೂಮುಕ್ಕಾಲು’ ಎನ್ನುತ್ತೇವೆ. ನಾಲ್ಕಕ್ಕೆ ಮುಕ್ಕಾಲನ್ನು ಕೂಡುತ್ತೇವೆ. ಗುಜರಾತಿಯವರು ‘ಪೋಣಾ ಪಾಂಚ್’ ಎನ್ನುತ್ತಾರೆ. ಐದರಲ್ಲಿ ಕಾಲನ್ನು ಕಳೆಯುತ್ತಾರೆ. ‘ಪೋಣೋ’ ಒಂಟಿಯಾಗಿ ನಿಂತರೆ ಮುಕ್ಕಾಲೆಂದೇ ಅರ್ಥವಾದ್ದರಿಂದ, ಕನ್ನಡದ ಕಿವಿಗೆ ‘ಪೋಣಾ ಪಾಂಚ್’ ಐದೂಮುಕ್ಕಾಲೆಂದು ಕೇಳಿಸುವುದು ಸಹಜ. ಒಂದೂವರೆಗೆ ‘ದೋಢ್’, ಎರಡೂವರೆಗೆ ‘ಅಢೀ’, ಆದರೆ ಮೂರೂವರೆಗೆ ‘ಸಾಡಾ ತ್ರಣ್’. ಈ ಊರುಗಳಿಗೆ ಹೊಸದಾಗಿ ಬಂದ ನಮ್ಮ ಹಿರಿಯರು ಸಂತೆಯಲ್ಲಿಯೂ ರೈಲು ನಿಲ್ದಾಣದಲ್ಲಿಯೂ ಈ ಮಾತುಗಳಿಂದ ಪೇಚಿಗೆ ಸಿಕ್ಕಿದ್ದನ್ನು ನಗುತ್ತ ಹೇಳುವುದುಂಟು. ಹಿರಿಯರಿಗೆ ಅದು ನಗೆಯ ಪ್ರಸಂಗವಾದರೆ, ಮಗುವಿಗೆ ಅಂಕಪಟ್ಟಿಯ ಪ್ರಸಂಗವಾಗುತ್ತದೆ.

ಇಷ್ಟನ್ನು ನೋಡಿದ ಮೇಲೆ ‘ಮನೆಯಲ್ಲಿ ಕನ್ನಡವನ್ನು ಬಿಡಿ’ ಎಂಬ ಸಲಹೆಯ ಬೆಲೆ ಏನೆಂಬುದು ಗೊತ್ತಾಗುತ್ತದೆ. ಸ್ಥಾನಬೆಲೆಯೇ ಅಂಕಗಣಿತದ ಜೀವ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟದ್ದು ವೃಥಾ ಅಲ್ಲ. ಆ ಸ್ಥಾನಬೆಲೆಯನ್ನು ಮಾತಿನಲ್ಲಿಯೇ ಬಿಡಿಸಿ ತೋರಿಸುವ ಕನ್ನಡದ ಎಣಿಕೆ ಮಗುವಿಗೆ ಹೊರೆಯಲ್ಲ, ಊರುಗೋಲು. ‘ಬೇತಾಳೀಸ್ ಎಂದರೆ ನಲವತ್ತು, ಎರಡು’ ಎಂದು ತಾಯಿ ಒಂದು ಸಲ ಬಿಡಿಸಿ ಹೇಳಿದರೆ, ಗುರುಗಳು ಕರಿಹಲಗೆಯ ಮೇಲೆ ಮನೆ ಗೀಚಿ ತೋರಿಸುವುದನ್ನೇ ಆಕೆ ಮಾತಿನಲ್ಲಿ ಮಾಡಿದಂತಾಯಿತು.

೫

ಹಾಗಾದರೆ ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳೆಲ್ಲರ ಕಷ್ಟವೂ ಪಾಠದ್ದೋ ಭಾಷೆಯದ್ದೋ ಮಾತ್ರವೆ? ಹಾಗೆಂದು ಹೇಳಿ ಮುಗಿಸುವುದು ಮತ್ತೊಂದು ಅನ್ಯಾಯ. ಮೇಲೆ ಹೇಳಿದ ಮೂರನೆಯ ಮಗುವನ್ನು ಮರೆಯಬಾರದು. ಮಿಕ್ಕ ವಿಷಯಗಳಲ್ಲಿ ಚುರುಕಾಗಿದ್ದು, ಒಳ್ಳೆಯ ಪಾಠವೂ ದೊರೆತು, ಪ್ರಮಾಣವನ್ನು ಗ್ರಹಿಸುವ ಶಕ್ತಿಯಲ್ಲಿಯೇ ಹುಟ್ಟಿನಿಂದ ಊನವುಳ್ಳ ಮಕ್ಕಳಿದ್ದಾರೆ. ಇದಕ್ಕೆ ‘ಡಿಸ್ಕ್ಯಾಲ್ಕುಲಿಯ’ ಎಂದು ಹೆಸರು. ಚೆಕೊಸ್ಲೊವಾಕಿಯದ ಲಾಡಿಸ್ಲಾವ್ ಕೊಶ್ಚ್ ಎಂಬವರು ೧೯೭೪ರಲ್ಲಿ ಇದನ್ನು ಲಕ್ಷಣಬದ್ಧವಾಗಿ ನಿರೂಪಿಸಿದರು. ಆಮೇಲೆ ಲಂಡನ್ನಿನ ಬ್ರಯನ್ ಬಟರ್ವರ್ತ್ ಮೊದಲಾದವರು ವಿಸ್ತರಿಸಿದರು. ನೂರು ಮಕ್ಕಳಲ್ಲಿ ಮೂರರಿಂದ ಏಳು ಮಂದಿಗೆ ಈ ತೊಂದರೆ ಇರಬಹುದೆಂಬುದು ಸಾಮಾನ್ಯವಾದ ಅಂದಾಜು. ಎಂದರೆ ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಒಬ್ಬರಿಂದ ಮೂವರು. ನಮ್ಮ ದೇಶದಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಕಾನೂನು ನಿರ್ದಿಷ್ಟ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಇದರ ಹೆಸರನ್ನು ಸ್ಪಷ್ಟವಾಗಿ ಸೇರಿಸ���ತು. ೧೯೯೫ರ ಹಳೆಯ ಕಾನೂನಿನಲ್ಲಿ ಇದಕ್ಕೆ ಎಡೆಯಿರಲಿಲ್ಲ.

ಈಗ ವಡೋದರದ ಎಂಬತ್ತು ಮಕ್ಕಳನ್ನೂ ಈ ಮೂರರಿಂದ ಏಳು ಮಕ್ಕಳನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕು. ನೂರರಲ್ಲಿ ಎಂಬತ್ತು ಮಂದಿ ಹಿಂದೆ ಬಿದ್ದಿರುವ ತರಗತಿಯಲ್ಲಿ ನಿಜವಾದ ನ್ಯೂನತೆಯುಳ್ಳ ಮಗು ಕಾಣುವುದೇ ಇಲ್ಲ, ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಬಾಲಸಖಿಯ ಎರಡು ಗಂಟೆಗಳಿಂದ ಮಿಕ್ಕವರು ಮೇಲೆದ್ದಾಗ ಏಳದೆ ಉಳಿದ ಮಗುವೇ ಅದಾಗಿರಬಹುದು. ಆದರೆ ಸರಾಸರಿಯ ಲೆಕ್ಕದಲ್ಲಿ ಅದರ ಗುರುತು ಸಿಗುವುದಿಲ್ಲ. ಇದಕ್ಕೆ ವಿರುದ್ಧವಾದ ಅಪಾಯ ನಗರಗಳ ಮಧ್ಯಮವರ್ಗದ ಶಾಲೆಗಳಲ್ಲಿದೆ. ಅಲ್ಲಿ ಪಾಠ ಸಾಲದ ಮಗುವಿಗೂ ಮಾತಿನ ದಿಕ್ಕು ತಪ್ಪಿದ ಮಗುವಿಗೂ ನ್ಯೂನತೆಯ ಹೆಸರು ಅಂಟಿಕೊಳ್ಳುವ ಸಂಭವವಿದೆ. ಒಂದು ಕಡೆ ರೋಗಿಯನ್ನು ಗುರುತಿಸದ ದೋಷ, ಇನ್ನೊಂದು ಕಡೆ ಆರೋಗ್ಯವಂತನಿಗೆ ಔಷಧ ಕುಡಿಸುವ ದೋಷ.

ಎರಡನ್ನೂ ತಪ್ಪಿಸಲು ಬೇಕಾದದ್ದು ಮಗುವಿನ ಮನೆಮಾತಿನಲ್ಲಿ ನಡೆಯುವ ಪರೀಕ್ಷೆ. ಓದುವ ತೊಂದರೆಯ ವಿಷಯದಲ್ಲಿ ಈ ದಾರಿ ಸ್ವಲ್ಪ ತೆರೆದಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರವು ಸಿದ್ಧಪಡಿಸಿ ೨೦೧೫ರಲ್ಲಿ ಬಳಕೆಗೆ ತಂದ ‘ದಾಲಿ’ ಎಂಬ ಪರೀಕ್ಷಾಸಾಮಗ್ರಿ ಮೊದಲಿಗೆ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ ರೂಪುಗೊಂಡಿತು. ಅದು ಓದಿನದು, ಎಣಿಕೆಯದಲ್ಲ. ಎಣಿಕೆಯ ಪರೀಕ್ಷೆಗೆ ಭಾಷೆ ಅಷ್ಟಾಗಿ ಬೇಡವೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಅಂಕಕ್ಕೆ ಭಾಷೆಯಿಲ್ಲವೆಂಬುದು ನಿಜವಾಗಿರಬಹುದು. ಆದರೆ ಅಂಕವನ್ನು ಕಲಿಯುವ ಮಗುವಿಗೆ ಭಾಷೆಯಿದೆ. ಗುಜರಾತಿಯಲ್ಲಿ ಕೇಳಿದ ಸಂಖ್ಯೆಯನ್ನು ಹಿಂದುಮುಂದಾಗಿ ಬರೆದ ಮಗುವಿಗೆ ಅದನ್ನೇ ಕನ್ನಡದಲ್ಲಿ ಹೇಳಿ ನೋಡಬೇಕು. ಸರಿಯಾಗಿ ಬರೆದರೆ ಕಷ್ಟ ಮಾತಿನದು. ಎರಡರಲ್ಲಿಯೂ ತಪ್ಪಿ, ಕಾಳುಗಳ ಗುಂಪನ್ನು ಹೋಲಿಸುವುದರಲ್ಲಿಯೂ ತಪ್ಪಿದರೆ ಆಗ ಇನ್ನೂ ಆಳವಾದ ಪರೀಕ್ಷೆ ಅಗತ್ಯ. ಇಷ್ಟು ಸುಲಭವಾದ ಮೊದಲ ಹೆಜ್ಜೆಯನ್ನು ಇಡಲು ಎರಡೂ ಭಾಷೆ ಬಲ್ಲ ಒಬ್ಬ ಹಿರಿಯರು ಪಕ್ಕದಲ್ಲಿ ಕುಳಿತರೆ ಸಾಕು. ಅಂಥವರ ಕೊರತೆ ಈ ಮೂರು ನಗರಗಳಲ್ಲಿ ಇಲ್ಲ.

೬

ಶಾಲೆಯ ಗೋಡೆಯ ಹೊರಗಿನ ಗಣಿತದ ಮಾತನ್ನೂ ಇಲ್ಲಿ ಸೇರಿಸಬೇಕು. ಕೋಲ್ಕತ್ತ ಮತ್ತು ದೆಹಲಿಗಳ ಸಂತೆಗಳಲ್ಲಿ ತರಕಾರಿ ಮುಂತಾದುವನ್ನು ಮಾರುವ ಮಕ್ಕಳನ್ನು ಕುರಿತು ಬ್ಯಾನರ್ಜಿ, ಡುಫ್ಲೊ, ಸ್ಪೆಲ್ಕಿ ಮತ್ತು ಅವರ ಸಂಗಡಿಗರು ಬರೆದ ಪ್ರಬಂಧ ೨೦೨೫ರಲ್ಲಿ ಪ್ರಕಟವಾಯಿತು. ತೂಕ, ದರ, ಚಿಲ್ಲರೆಗಳ ಜಟಿಲವಾದ ಲೆಕ್ಕವನ್ನು ಕಾಗದವಿಲ್ಲದೆ ಮಾಡುವ ಆ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಸುಲಭವಾದ ಲೆಕ್ಕದ ಮುಂದೆ ಸೋತರು; ಶಾಲೆಯ ಮಕ್ಕಳು ಸಂತೆಯ ಲೆಕ್ಕದ ಮುಂದೆ ಸೋತರು. ಬ್ರೆಜಿಲಿನ ರೆಸಿಫೆ ನಗರದ ಬೀದಿಮಕ್ಕಳ ವಿಷಯದಲ್ಲಿ ೧೯೮೫ರಷ್ಟು ಹಿಂದೆಯೇ ಇದನ್ನು ಹೋಲುವ ಮಾತನ್ನು ಕ್ಯಾರಹರ್ ದಂಪತಿಗಳೂ ಶ್ಲೀಮನ್ ಅವರೂ ಹೇಳಿದ್ದರು. ವಡೋದರದಲ್ಲಿ ‘ಎಷ್ಟು’ ಎಂದು ಕೇಳಿದವರೇ ಈಗ ‘ಹೇಗೆ’, ‘ಯಾವ ರೂಪದಲ್ಲಿ’ ಎಂದು ಕೇಳತೊಡಗಿದ್ದಾರೆಂಬುದು ಸಮಾಧಾನದ ಸಂಗತಿ. ‘ಯಾವ ಮಾತಿನಲ್ಲಿ’ ಎಂಬುದು ಅದರ ಮುಂದಿನ ಹೆಜ್ಜೆ.

ಆ ಹೆಜ್ಜೆಗೆ ಸೂರತ್‌ಗಿಂತ ತಕ್ಕ ಊರು ಇನ್ನೊಂದಿರಲಾರದು. ಜವಳಿ ಮತ್ತು ವಜ್ರದ ಕೆಲಸವನ್ನು ಅರಸಿ ಬಂದವರ ಮಕ್ಕಳಿಗಾಗಿ ಅಲ್ಲಿಯ ನಗರಪಾಲಿಕೆ ಗುಜರಾತಿಯೊಡನೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಮಾಧ್ಯಮಗಳಲ್ಲಿಯೂ ಶಾಲೆಗಳನ್ನು ನಡೆಸುತ್ತದೆ. ತೆಲುಗಿನ ಎಣಿಕೆ ನಮ್ಮದರಂತೆ ಹತ್ತು ಮೊದಲಾದದ್ದು. ಒಡಿಯಾ ಎಣಿಕೆ ಗುಜರಾತಿಯಂತೆ ಬಿಡಿ ಮೊದಲಾದದ್ದು. ಒಂದೇ ನಗರ, ಒಂದೇ ಆಡಳಿತ, ಭಾಷೆಗಳು ಮಾತ್ರ ಬೇರೆ. ಸಂಶೋಧಕನು ಬೇಡಿ ಪಡೆಯಬೇಕಾದ ಸನ್ನಿವೇಶ ಅಲ್ಲಿ ತಾನಾಗಿಯೇ ಒದಗಿದೆ. ಆ ಮಾಧ್ಯಮಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ನಮ್ಮ ಮಕ್ಕಳು ಇತರರ ಮಾಧ್ಯಮಗಳಲ್ಲಿ ಚದುರಿದ್ದಾರೆ. ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರು ಕಟ್ಟಿದ ಸಮುದಾಯ ವಿಜ್ಞಾನ ಕೇಂದ್ರದ ಗಣಿತ ಪ್ರಯೋಗಶಾಲೆಯನ್ನು ಪ್ರೊ. ಎ. ಆರ್. ರಾವ್ ಅವರು ಬೆಳಸಿದರು. ಸಾಪೇಕ್ಷತಾ ಸಿದ್ಧಾಂತದಲ್ಲಿ ಹೆಸರಾದ ಪಿ. ಸಿ. ವೈದ್ಯ ಅವರು ಗುಜರಾತಿಯಲ್ಲಿ ಗಣಿತವನ್ನು ಬರೆಯುವುದು ತಮ್ಮ ಕರ್ತವ್ಯವೆಂದು ತಿಳಿದು ‘ಸುಗಣಿತಂ’ ಪತ್ರಿಕೆಗೆ ದುಡಿದರು. ಮಗುವಿನ ಕೈಗೆ ವಸ್ತುವನ್ನೂ ಅದರ ಮಾತಿನಲ್ಲಿ ವಿಚಾರವನ್ನೂ ಕೊಡಬೇಕೆಂಬ ಪರಂಪರೆ ಈ ನೆಲದಲ್ಲಿಯೇ ಇದೆ. ನಾವು ಅದನ್ನು ಹೊರಗಿನಿಂದ ತರಬೇಕಾಗಿಲ್ಲ.

ಕೊನೆಯದಾಗಿ, ಲೇಖನದ ಸಾರವನ್ನು ಎರಡು ಮಾತಿನಲ್ಲಿ ಹೇಳುವುದಾದರೆ: ವಡೋದರದ ಸಂಶೋಧನೆ ಮಗುವಿನ ಸೋಲು ಮಗುವಿನದೇ ಅಲ್ಲವೆಂದು ತೋರಿಸಿ ಉಪಕಾರ ಮಾಡಿತು, ಆದರೆ ತಪ್ಪುಗಳನ್ನು ಎಣಿಸಿತೇ ಹೊರತು ಓದಲಿಲ್ಲ. ಓದುವ ಕೆಲಸ ಇನ್ನೂ ಉಳಿದಿದೆ. ಅದರಲ್ಲಿ ನಮ್ಮ ಪಾಲಿನದನ್ನು ನಾವು ಮಾಡಬಹುದು. ಮೂರು ನಗರಗಳ ಕನ್ನಡ ಮನೆಗಳಿಂದ ಎರಡು ಮೂರನೆಯ ಇಯತ್ತೆಯ ಮಕ್ಕಳ ಲೆಕ್ಕದ ಪುಸ್ತಕಗಳನ್ನು, ಹೆಸರನ್ನು ಮರೆಮಾಡಿ, ಒಂದೆಡೆ ಕೂಡಿಸಿ ತಪ್ಪುಗಳನ್ನು ವರ್ಗೀಕರಿಸಬಹುದು. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸಿ ಕಣ್ಣು ಪಳಗಿದವರು ನಮ್ಮಲ್ಲಿದ್ದಾರೆ. ಅವರಿಗೆ ಇದು ಕಷ್ಟವಾಗಲಾರದು. ಹಾಗೆ ಸಿದ್ಧವಾದ ಪಟ್ಟಿಯನ್ನು ವಡೋದರದ ವಿಶ್ವವಿದ್ಯಾನಿಲಯದ ಶಿಕ್ಷಣಶಾಸ್ತ್ರ ಮತ್ತು ಮನಶ್ಶಾಸ್ತ್ರ ವಿಭಾಗದವರ ಮುಂದಿಟ್ಟರೆ, ಅದು ಗುಜರಾತಿ ಮಕ್ಕಳಿಗೂ ಉಪಯೋಗವಾದೀತು. ಆ ಕೆಲಸ ಆಗುವವರೆಗೆ ಒಂದನ್ನಾದರೂ ಮಾಡೋಣ: ‘ಇವನಿಗೆ ಲೆಕ್ಕ ಬಾರದು’ ಎಂಬ ಮಾತು ಮನೆಗೆ ಬಂದ ದಿನ, ಅದನ್ನು ಒಪ್ಪುವ ಮೊದಲು, ಆ ಮಗುವನ್ನು ಹತ್ತಿರ ಕೂರಿಸಿಕೊಂಡು ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿ ನೋಡೋಣ.